ಮೈಕ್ ಹಿಡಿದವನ ಇತಿಹಾಸ

ನಮ್ಮ ಕಡೆಗೆ ಸಮುದ್ರವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನಕ್ಕೆ ನೀರೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆ. ನೀರಿನ ಭಯವೆಂದರೆ 2005 ಮತ್ತು 2019ರ ಮಹಾಪೂರ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಹಾಗೆ ಇಳಿಸಿ, ತೋರಿಸಿ, ಅದೇ ರಾತ್ರಿ ಮನೆಗೆ ತಂದು ಬಿಡುವ ‘ಒನ್ ಡೇ ಟೂರು’ಗಳು ಈಚೆಗೆ ನಮ್ಮ ಪೇಟೆಗಳಲ್ಲಿ ಜೋರಾಗಿವೆ. ಕಬ್ಬಿನ ಬಿಲ್ಲು ಬಂದ ಮೇಲೆ ಹೊರಡುವ ರೈತ ಕುಟುಂಬಗಳು, ಬಚತ್ ಗಟದ ಹೆಣ್ಣುಮಕ್ಕಳು, ಡಿಸೆಂಬರ್ ಜನವರಿಯಲ್ಲಿ ಶಾಲೆಯ ಹುಡುಗರು ಹೀಗೆ ಎಲ್ಲರೂ ಹೋಗುತ್ತಾರೆ. ಬಸ್ಸಿನ ಮುಂದಿನ ಸೀಟಿನಲ್ಲಿ ಮೈಕ್ ಹಿಡಿದು ನಿಂತ ಒಬ್ಬ ಗೈಡ್ ಇರುತ್ತಾನೆ.

ಈ ಗೈಡ್‌ನ ಮಾತನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಕಥಾಸಂಕಲನಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ಬರೆಯುತ್ತೇವೆ, ಐನೂರು ಪ್ರತಿ ಅಚ್ಚಾಗಿ ಮುನ್ನೂರು ಕಪಾಟಿನಲ್ಲೇ ಉಳಿಯುವ ಪುಸ್ತಕಕ್ಕೂ ಎರಡು ಪುಟ ಬರೆಯುತ್ತೇವೆ. ಆದರೆ ಒಂದು ಹಂಗಾಮಿನಲ್ಲಿ ಸಾವಿರಾರು ಕಿವಿಗಳಿಗೆ ಬೀಳುವ ಈ ‘ಮೌಖಿಕ ಕೃತಿ’ ಯಾರ ಲೆಕ್ಕಕ್ಕೂ ಇಲ್ಲ. ನಮ್ಮ ಭಾಗದ ಬಹುತೇಕರಿಗೆ ಕರಾವಳಿಯ ಇತಿಹಾಸವೆಂದು ಜೀವನದಲ್ಲಿ ದಕ್ಕುವುದು ಅದೊಂದೇ. ಹೀಗಿರುವಾಗ ಅದನ್ನು ಕೃತಿಯೆಂದೇ ತಿಳಿದು ನೋಡುವುದು ನ್ಯಾಯ. ಇಂಥ ಮೂರು ಪ್ರವಾಸಗಳಲ್ಲಿ ಕೂತು, ಮೂವರು ಗೈಡ್‌ಗಳ ಮಾತು ಕೇಳಿ ನಾವು ಇದನ್ನು ಬರೆಯುತ್ತಿದ್ದೇವೆ. ಅವರ ಹೆಸರು, ಅವರ ಸಂಸ್ಥೆಗಳ ಹೆಸರು ಇಲ್ಲಿ ಬೇಕಿಲ್ಲ. ಮೂವರೂ ಹೆಚ್ಚು ಕಡಿಮೆ ಒಂದೇ ಕಥೆ ಹೇಳಿದರು.

ಮೊದಲು ಅದರ ಕಟ್ಟಡ ನೋಡೋಣ. ನಿಪ್ಪಾಣಿಯಿಂದ ಬೆಳಗಿನ ನಾಲ್ಕಕ್ಕೆ ಬಸ್ಸು ಹೊರಡುತ್ತದೆ. ಅಥಣಿ, ಕಾಗವಾಡದವರು ಮಧ್ಯರಾತ್ರಿಗೇ ಎದ್ದು ತಯಾರಾಗಬೇಕು. ರಾಧಾನಗರಿ, ದಾಜಿಪುರದ ಕಾಡು, ಫೋಂಡಾ ಘಾಟ ಇಳಿದರೆ ಕೊಂಕಣ. ವಿಜಯದುರ್ಗದ ಕೋಟೆ, ಮಾಲವಣದಲ್ಲಿ ಮೀನಿನ ಊಟ, ದೋಣಿಯಲ್ಲಿ ಸಿಂಧುದುರ್ಗ, ಸಂಜೆ ಸಾವಂತವಾಡಿಯಲ್ಲಿ ಕಟ್ಟಿಗೆಯ ಆಟಿಕೆ ಖರೀದಿ, ಆಮೇಲೆ ಆಂಬೋಲಿ ಘಾಟ ಹತ್ತಿ ಆಜರಾ, ಗಡಹಿಂಗ್ಲಜ ಮೇಲೆ ಸಂಕೇಶ್ವರ. ದಿನದ ಮುಕ್ಕಾಲು ಪಾಲು ಬಸ್ಸಿನ ಸೀಟಿನಲ್ಲೇ ಕಳೆಯುತ್ತದೆ. ಊರುಗಳಿಗೆ ಸಿಗುವುದು ನಲವತ್ತು ನಿಮಿಷ, ಒಂದು ತಾಸು. ಹಾಗಾಗಿ ಇತಿಹಾಸ ಕೇಳಿಸುವುದು ಊರಿನಲ್ಲಲ್ಲ, ಬಸ್ಸಿನಲ್ಲಿ. ಕಣ್ಣೆದುರು ಕೋಟೆ ಇಲ್ಲದಾಗ ಕೋಟೆಯ ಬಗ್ಗೆ ಹೇಳುವವನಿಗೆ ಎಷ್ಟು ಸ್ವಾತಂತ್ರ್ಯ ಎಂದು ಕಥೆ ಬರೆಯುವ ನಮಗೆ ಚೆನ್ನಾಗಿ ಗೊತ್ತು.

ಗೈಡ್‌ನ ಗುಣವನ್ನೂ ಹೇಳಬೇಕು. ಉರ್ದುವಿನಲ್ಲಿ ‘ದಾಸ್ತಾನ್‌ಗೋ’ ಎನ್ನುತ್ತಾರಲ್ಲ, ಅವನು ಆ ಜಾತಿಯ ಮನುಷ್ಯ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು, ಯಾವ ಮಾತಿಗೆ ಹಿಂದಿನ ಸೀಟಿನವರು ಸೀಟಿ ಹೊಡೆಯುತ್ತಾರೆ, ಎಲ್ಲವೂ ಗೊತ್ತು. ಕನ್ನಡ, ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಹೊಲಿಯುತ್ತಾನೆ. ‘ಅಕ್ಕಾರ, ಚಾಚಾ, ಮಾವಶೀ’ ಎಂದು ಪ್ರತಿಯೊಬ್ಬರನ್ನೂ ಅವರವರ ಸಂಬಂಧದಲ್ಲೇ ಕರೆಯುತ್ತಾನೆ. ವಾಂತಿ ಮಾಡಿಕೊಂಡ ಮಗುವಿಗೆ ಲಿಂಬೆಹಣ್ಣು ಕೊಡುವವನೂ ಅವನೇ. ದಿನಗೂಲಿಯ ಮೇಲೆ, ಬಕ್ಷೀಸಿನ ಮೇಲೆ ದುಡಿಯುವ ಮನುಷ್ಯನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವನ ಕಥೆಯ ಮೇಲೆ ತಕರಾರಿದೆ.

ವಿಜಯದುರ್ಗದ ಹೀಲಿಯಂ ಕಥೆಯನ್ನೇ ತೆಗೆದುಕೊಳ್ಳಿ. ಕೋಟೆಯಲ್ಲಿ ‘ಸಾಹೇಬರ ಕಟ್ಟೆ’ ಎಂದು ಕರೆಯುವ ಕಟ್ಟೆಗಳಿವೆ. “ನೋಡ್ರಿ, 1868ರಾಗ ಇಲ್ಲೇ ಲಾಕಿಯರ್ ಸಾಹೇಬ ದುರ್ಬೀನ ಇಟ್ಟಾ, ಗ್ರಹಣ ನೋಡ್ದಾ, ಹೀಲಿಯಂ ಹಿಡದಾ” ಎಂದು ಗೈಡ್ ಹೇಳುತ್ತಾನೆ. ಎಲ್ಲರೂ ಕಟ್ಟೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಗಸ್ಟ್ 18ರಂದು ಆ ಊರಿನಲ್ಲಿ ಹೀಲಿಯಂ ದಿನವನ್ನೂ ಆಚರಿಸುತ್ತಾರೆ. ನಿಜ ಸಂಗತಿ ಬೇರೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನೋಡಿದ್ದು ಆಂಧ್ರದ ಗುಂಟೂರಿನಿಂದ. ಲಾಕಿಯರ್ ಆ ವರ್ಷ ಇಂಗ್ಲೆಂಡಿನಲ್ಲೇ ಇದ್ದರು. ಅಕ್ಟೋಬರಿನಲ್ಲಿ, ಗ್ರಹಣವೇ ಇಲ್ಲದ ಹೊತ್ತಿನಲ್ಲಿ, ತಮ್ಮ ಉಪಕರಣದಿಂದ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿದರು. ಅಲ್ಲಿ ಕಂಡ ಹಳದಿ ಗೆರೆ ಆಗ ಗೊತ್ತಿದ್ದ ಯಾವ ಧಾತುವಿಗೂ ಸೇರಿರಲಿಲ್ಲ. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ, ರಾಮ್ಸೇ ಕೈಯಲ್ಲಿ. ಹಾಗಾದರೆ ವಿಜಯದುರ್ಗದ ಕಥೆ ಪೂರಾ ಸುಳ್ಳೇ? ಅದೂ ಅಲ್ಲ. ಲಾಕಿಯರ್ ವಿಜಯದುರ್ಗಕ್ಕೆ ಬಂದದ್ದು ಖರೆ, ಆದರೆ ಮೂವತ್ತು ವರ್ಷ ತಡವಾಗಿ, 1898ರ ಜನವರಿ 22ರ ಗ್ರಹಣಕ್ಕೆ. ಅಷ್ಟರಲ್ಲಿ ಅವರು ಅರವತ್ತು ದಾಟಿದ್ದರು. ತಮ್ಮ ಹೆಸರು ಬೆಸೆದುಕೊಂಡ ಧಾತು ಭೂಮಿಯಲ್ಲಿ ಸಿಕ್ಕ ಮೂರು ವರ್ಷಕ್ಕೆ ಒಬ್ಬ ಮುದುಕ ವಿಜ್ಞಾನಿ ಅರಬ್ಬೀ ಸಮುದ್ರದ ದಂಡೆಗೆ ಬಂದು ಮತ್ತೆ ಆಕಾಶ ನೋಡುತ್ತಾನೆ. ಇದು ಗೈಡ್ ಹೇಳುವ ಕಥೆಗಿಂತ ಚೆನ್ನಾಗಿಲ್ಲವೇ? ಎರಡು ಗ್ರಹಣ ಕೂಡಿಸಿ ಒಂದು ಮಾಡಿದ್ದರಿಂದ ಅವನ ಕಥೆಗೇ ನಷ್ಟ.

ಈ ತಪ್ಪಿನಿಂದ ಯಾರ ಮನೆಯೂ ಸುಡುವುದಿಲ್ಲ. ಸಿಂಧುದುರ್ಗದ ಕಥೆ ಹಾಗಲ್ಲ.

ಮಾಲವಣದ ಎದುರಿನ ಕುರಟೆ ನಡುಗಡ್ಡೆಯ ಮೇಲೆ 1664ರ ನವೆಂಬರಿನಲ್ಲಿ ಶಿವಾಜಿ ಮಹಾರಾಜರು ಕಟ್ಟಲು ಆರಂಭಿಸಿ 1667ರಲ್ಲಿ ಮುಗಿಸಿದ ಕೋಟೆ ಅದು. ನಲವತ್ತೆಂಟು ಎಕರೆಯ ಸುತ್ತ ಸಮುದ್ರಕ್ಕೆ ಎದೆಕೊಟ್ಟು ನಿಂತ ಗೋಡೆ. ಒಳಗೆ ಸಿಹಿನೀರಿನ ಬಾವಿಗಳು. ನೋಡಿದವನ ತಲೆ ತಾನಾಗಿ ಬಾಗುತ್ತದೆ, ಅವನು ಯಾವ ಜಾತಿಯವನಾದರೂ ಸರಿ. 2025ರ ಜುಲೈಯಲ್ಲಿ ಯುನೆಸ್ಕೋ ಮರಾಠಾ ಸೈನಿಕ ನೆಲೆಗಳೆಂದು ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಂಧುದುರ್ಗ, ವಿಜಯದುರ್ಗ, ನಮ್ಮ ನಿಪ್ಪಾಣಿಗೆ ಹತ್ತಿರದ ಪನ್ಹಾಳ ಮೂರೂ ಅದರಲ್ಲಿವೆ. ಇನ್ನು ಬಸ್ಸುಗಳು ಹೆಚ್ಚುತ್ತವೆ, ಮೈಕುಗಳೂ ಹೆಚ್ಚುತ್ತವೆ.

ಬಸ್ಸಿನಲ್ಲಿ ಕೇಳಿದ ಕಥೆಯಲ್ಲಿ ಎರಡೇ ಪಾತ್ರ: ‘ನಾವು’ ಮತ್ತು ‘ಅವರು’. ‘ಅವರು’ ಎಂದಾಗ ಗೈಡ್ ಒಮ್ಮೆ ಬಿಜಾಪುರ ಎನ್ನುತ್ತಾನೆ, ಒಮ್ಮೆ ಮೊಗಲ ಎನ್ನುತ್ತಾನೆ, ಒಮ್ಮೆ ಜಂಜೀರಾದ ಸಿದ್ದಿ ಎನ್ನುತ್ತಾನೆ, ಕೊನೆಗೆ ಯಾವ ಹೆಸರೂ ಇಲ್ಲದೆ ಬರೀ ‘ಅವರು’. ನಾವಿದ್ದ ಒಂದು ಬಸ್ಸಿನಲ್ಲಿ ಐವತ್ತರಲ್ಲಿ ಹದಿನಾರು ಹದಿನೇಳು ಜನ ಮುಸ್ಲಿಮರಿದ್ದರು. ಬೆಳಗಿನಿಂದ ಎಲ್ಲರೂ ಕೂಡಿ ಚುರಮುರಿ ತಿಂದವರು, ಕೂಡಿ ಹಾಡಿದವರು. ಮಾಲವಣ ಬರುವ ಹೊತ್ತಿಗೆ ನಮ್ಮ ಮುಂದಿನ ಸೀಟಿನ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದ. ಅವನನ್ನು ಯಾರೂ ಬೈದಿರಲಿಲ್ಲ. ಅವನ ಗೆಳೆಯರು ಅವನಿಗೆ ಬಿಸ್ಕೀಟು ಕೊಡುತ್ತಲೇ ಇದ್ದರು. ಆದರೆ ಕಥೆಯಲ್ಲಿ ತನ್ನ ಜಾಗ ಎಲ್ಲಿದೆ ಎಂದು ಆ ಮಗುವಿಗೆ ಗೊತ್ತಾಗಿತ್ತು. ಅವನ ಗೆಳೆಯರಿಗೂ ಗೊತ್ತಾಗಿತ್ತು ಎನ್ನುವುದು ಅದಕ್ಕಿಂತ ಚಿಂತೆಯ ವಿಷಯ.

ಗೈಡ್ ಬಿಟ್ಟ ಸಂಗತಿಗಳೇನು? ಶಿವಾಜಿ ಮಹಾರಾಜರ ನೌಕಾಪಡೆಯ ಮುಖ್ಯ ಅಧಿಕಾರಿಗಳಲ್ಲಿ ದರ್ಯಾ ಸಾರಂಗ ಮುಸ್ಲಿಮ, ಮಾಯನಾಯಕ ಭಂಡಾರಿ ಹಿಂದೂ. 1679ರಲ್ಲಿ ಮುಂಬಯಿಯ ಬಾಯಿಗೆ ಇರುವ ಖಾಂದೇರಿ ನಡುಗಡ್ಡೆಯನ್ನು ಮಾಯನಾಯಕ ಹಿಡಿದು ನಿಂತಾಗ ಇಂಗ್ಲಿಷರ ಹಡಗುಗಳನ್ನು ಎದುರಿಸಲು ದಂಡು ತಂದವನು ದೌಲತ್ ಖಾನ್. ಆ ಖಾಂದೇರಿಯೂ ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಮೂವರು ಗೈಡ್‌ಗಳಲ್ಲಿ ಒಬ್ಬನ ಬಾಯಲ್ಲೂ ದೌಲತ್ ಖಾನ್ ಹೆಸರು ಬರಲಿಲ್ಲ. ಇನ್ನು ವಿಜಯದುರ್ಗ. ಇಂಗ್ಲಿಷರು ಆಂಗ್ರೆಯವರಿಗೆ ಹೆದರಿದ್ದನ್ನು ಗೈಡ್ ರಸವತ್ತಾಗಿ ಹೇಳುತ್ತಾನೆ. ಆದರೆ 1756ರಲ್ಲಿ ವಾಟ್ಸನ್ ಮತ್ತು ಕ್ಲೈವ್ ಅದೇ ಕೋಟೆಯ ಕೆಳಗೆ ತುಳಾಜಿ ಆಂಗ್ರೆಯ ಹಡಗುಗಳನ್ನೆಲ್ಲ ಸುಟ್ಟಾಗ ಇಂಗ್ಲಿಷರ ಜೊತೆಗಾರನಾಗಿ ನಿಂತದ್ದು ಪುಣೆಯ ಪೇಶ್ವೆ. ಇಲ್ಲಿ ‘ನಾವು’ ಯಾರು, ‘ಅವರು’ ಯಾರು? ಇಂಥ ಕಡೆ ಕಥೆ ತೊಡರುತ್ತದೆ, ಅದಕ್ಕೇ ಗೈಡ್ ಅಲ್ಲಿ ಊಟದ ಕೂಪನ್ ಹಂಚಲು ಶುರು ಮಾಡುತ್ತಾನೆ.

ಒಂದು ಮಾತು ಸ್ಪಷ್ಟವಾಗಿರಲಿ. ದೌಲತ್ ಖಾನನ ಹೆಸರನ್ನು ನಮ್ಮವರಲ್ಲಿ ಕೆಲವರು ಗುರುತಿನ ಚೀಟಿಯಂತೆ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಸಭೆಗಳಲ್ಲಿ ತೆಗೆದು ತೋರಿಸುತ್ತಾರೆ. ಇದು ನಮಗೆ ಒಪ್ಪಿಗೆಯಿಲ್ಲ. ಅವನು ಸಮುದ್ರ ಬಲ್ಲ ಮನುಷ್ಯ, ಯಜಮಾನನ ಕೆಲಸ ಮಾಡಿದ. ಮುನ್ನೂರೈವತ್ತು ವರ್ಷದ ಮೇಲೆ ನಮ್ಮ ಹುಡುಗರ ನಿಷ್ಠೆಗೆ ಅವನು ಸಾಕ್ಷಿ ಹೇಳಬೇಕಾಗಿಲ್ಲ. ಅವನ ಹೆಸರು ಹೇಳಬೇಕಾದದ್ದು ಅದು ಆ ಕೋಟೆಗಳ ಇತಿಹಾಸ ಎಂಬ ಒಂದೇ ಕಾರಣಕ್ಕೆ.

ನಮ್ಮ ಮುಖ್ಯ ಆಕ್ಷೇಪ ಮಾತ್ರ ಬೇರೆ ಇದೆ. ಈ ಪ್ರವಾಸದಲ್ಲಿ ಘಟ್ಟದ ಮೇಲಿನ ನಮ್ಮ ಊರುಗಳಿಗೆ ಇತಿಹಾಸವೇ ಇಲ್ಲ. ನಾವು ಬಸ್ಸು ಹತ್ತುವ ಜನ, ಇತಿಹಾಸ ಕೆಳಗೆ ಇದೆ ಎಂಬಂತೆ ಎಲ್ಲ ನಡೆಯುತ್ತದೆ. ಇದು ಶುದ್ಧ ಅಜ್ಞಾನ. ಕೊಂಕಣದ ಬಂದರುಗಳು ಬದುಕಿದ್ದೇ ಘಟ್ಟದ ಮೇಲಿನ ಪೇಟೆಗಳಿಂದ. 17ನೆಯ ಶತಮಾನದ ಇಂಗ್ಲಿಷ್ ವ್ಯಾಪಾರಿಗಳ ಕಾಗದಪತ್ರಗಳಲ್ಲಿ ರಾಯಬಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ರಾಜಾಪುರದಲ್ಲಿ ಕೋಠಿ ಹಾಕಿ ಕೂತಿದ್ದ ಅವರು ಕಾಳುಮೆಣಸಿಗೆ ಕಣ್ಣಿಟ್ಟದ್ದು ರಾಯಬಾಗದ ಪೇಟೆಯ ಮೇಲೆ. ಎತ್ತುಗಳ ಮೇಲೆ ಹೇರಿದ ಮಾಲು ಘಟ್ಟ ಇಳಿದು ರಾಜಾಪುರದ ಖಾಡಿ ಸೇರಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಅದೇ ರಾಜಾಪುರದ ಇಂಗ್ಲಿಷರು 1660ರಲ್ಲಿ ಬಿಜಾಪುರದ ಸೈನ್ಯಕ್ಕೆ ತೋಫು ತಂದು ಪನ್ಹಾಳದ ಮೇಲೆ ಹಾರಿಸಿದರು. ಮರುವರ್ಷ ಶಿವಾಜಿ ಮಹಾರಾಜರು ರಾಜಾಪುರಕ್ಕೆ ನುಗ್ಗಿ ಕೋಠಿ ಲೂಟಿ ಮಾಡಿ ಅವರನ್ನು ಸೆರೆಯಲ್ಲಿಟ್ಟರು. ರಾಯಬಾಗದ ಇಂದಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಣ್ಣುಮಗಳಿಗೆ ಈ ಸಂಬಂಧ ಗೊತ್ತಿಲ್ಲ, ಅದು ಸಹಜ. ಅವಳ ಮಗನನ್ನು ಇನ್ನೂರು ಕಿಲೋಮೀಟರ್ ಕರೆದೊಯ್ದು ಇತಿಹಾಸ ಹೇಳುವವನಿಗೂ ಗೊತ್ತಿಲ್ಲದಿರುವುದು ಸಹಜವಲ್ಲ.

ನಿಪ್ಪಾಣಿಯ ತಂಬಾಕಿನದೂ ಅದೇ ಕಥೆ. ಅದು ಸಮುದ್ರದ ಬೆಳೆ. ಅಮೆರಿಕದಿಂದ ಪೋರ್ತುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿತು. ಅಕ್ಬರನ ರಾಯಭಾರಿ ಅಸದ್ ಬೇಗ್ 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರಕ್ಕೆ ಬಂದಾಗ ತಂಬಾಕನ್ನು ಮೊದಲ ಸಲ ನೋಡಿ, ರತ್ನ ಕೆತ್ತಿದ ಹುಕ್ಕಾದ ಸಮೇತ ಅದನ್ನು ಆಗ್ರಾಕ್ಕೆ ಒಯ್ದು ಬಾದಶಹನ ಮುಂದೆ ಇಟ್ಟ ಪ್ರಸಂಗವನ್ನು ಬರೆದಿದ್ದಾನೆ. ಹಕೀಮರು ಬೇಡವೆಂದರಂತೆ, ಅಕ್ಬರ್ ಒಂದೆರಡು ದಮ್ಮು ಎಳೆದನಂತೆ. ಅಂದರೆ ಆಗ್ರಾಕ್ಕಿಂತ ಮೊದಲು ಈ ಎಲೆ ನಮ್ಮ ಸೀಮೆಗೆ ಪರಿಚಯ. ನಿಪ್ಪಾಣಿಯ ವಖಾರಿಗಳು, ಬೀಡಿ ಕಟ್ಟಿ ಕೆಮ್ಮುವ ನಮ್ಮ ತಾಯಂದಿರು, 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ದರಕ್ಕಾಗಿ ರಸ್ತೆಗಿಳಿದ ತಂಬಾಕು ಬೆಳೆಗಾರರು ಎಲ್ಲರ ಬೆನ್ನ ಹಿಂದೆ ಒಂದು ಸಮುದ್ರವಿದೆ. ನಾವಿದ್ದ ಬಸ್ಸಿನಲ್ಲಿ ಬೀಡಿ ಕಟ್ಟುವ ಮಾವಶಿಯರು ಏಳೆಂಟು ಮಂದಿ ಇದ್ದರು. ಸಮುದ್ರಕ್ಕೂ ಅವರ ಬೆರಳಿಗೂ ಇರುವ ನಂಟನ್ನು ಹೇಳಿದ್ದರೆ ಅವರು ಕಿವಿ ನಿಮಿರಿಸಿ ಕೇಳುತ್ತಿದ್ದರು.

ಅಥಣಿಯವರಿಗಂತೂ ತಮ್ಮದೇ ಊರಿನ ಒಂದು ಪ್ರಸಂಗ ಸಾಕು. 1679ರಲ್ಲಿ ಮೊಗಲ ಸೇನಾಪತಿ ದಿಲೇರ್ ಖಾನ್ ಬಿಜಾಪುರದ ಸೀಮೆಗೆ ನುಗ್ಗಿ ಅಥಣಿಯನ್ನು ಲೂಟಿ ಮಾಡಿದ. ಆಗ ಶಿವಾಜಿಯವರ ಮಗ ಸಂಭಾಜಿ, ತಂದೆಯ ಮೇಲೆ ಮುನಿದು, ಅದೇ ಮೊಗಲ ಪಾಳೆಯದಲ್ಲಿದ್ದರು. ಊರಿನ ಜನಕ್ಕೆ ಬಂದ ಗತಿಯನ್ನು ಅವರು ವಿರೋಧಿಸಿದರೆಂದೂ, ನಂತರ ರಾತ್ರೋರಾತ್ರಿ ಪಾಳೆಯ ಬಿಟ್ಟು ಬಿಜಾಪುರದ ಆಶ್ರಯಕ್ಕೆ ಹೋಗಿ ಅಲ್ಲಿಂದ ಪನ್ಹಾಳ ಸೇರಿದರೆಂದೂ ಇತಿಹಾಸಕಾರರು ಬರೆಯುತ್ತಾರೆ. ಮುಸ್ಲಿಂ ಬಾದಶಹನ ಸೈನ್ಯ ಮುಸ್ಲಿಂ ಸುಲ್ತಾನನ ಊರು ಸುಡುತ್ತದೆ, ಮರಾಠಾ ರಾಜಕುಮಾರ ಆ ಸೈನ್ಯದ ಜೊತೆಗಿರುತ್ತಾನೆ, ಅದನ್ನು ತೊರೆದಾಗ ಅವನಿಗೆ ಬಾಗಿಲು ತೆರೆಯುವುದು ಬಿಜಾಪುರ. ಮೈಕ್‌ನ ‘ನಾವು–ಅವರು’ ಗಣಿತದಲ್ಲಿ ಈ ಲೆಕ್ಕ ಬಿಡಿಸಲು ಬರುವುದಿಲ್ಲ. ಇದರಲ್ಲಿ ‘ನಾವು’ ಎಂದು ಕರೆದುಕೊಳ್ಳುವ ಹಕ್ಕು ಲೂಟಿಯಾದ ಅಥಣಿಯ ಜನರಿಗೆ ಮಾತ್ರ ಇದೆ. ಅವರಲ್ಲಿ ಎಲ್ಲ ಜಾತಿಯವರೂ ಇದ್ದಿರಬೇಕು.

(ಅಥಣಿಯ ಮಾತು ಬಂದದ್ದಕ್ಕೆ ಇನ್ನೊಂದು. ಕೊಂಕಣದ ಅಂಗಡಿಗಳಲ್ಲಿ ‘ಅಸಲಿ ಕೊಲ್ಹಾಪುರಿ’ ಎಂದು ತೂಗುಹಾಕಿದ ಚಪ್ಪಲಿಗಳನ್ನು ನಮ್ಮವರು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಅವುಗಳಲ್ಲಿ ಎಷ್ಟು ಜೋಡಿ ಅಥಣಿ, ನಿಪ್ಪಾಣಿಯ ಕಡೆ ಹೊಲಿದವೋ! 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ.)

ಸಾವಂತವಾಡಿಗೆ ಗೈಡ್ ಕೊಡುವುದು ಹದಿನೈದು ನಿಮಿಷ, ಅದೂ ಆಟಿಕೆ ಅಂಗಡಿಯ ಕಮಿಶನ್ನಿಗಾಗಿ. ಆ ಊರಿನಲ್ಲಿ ಗಂಜೀಫಾ ಎಲೆಗಳನ್ನು ಈಗಲೂ ಕೈಯಿಂದ ಬರೆಯುತ್ತಾರೆ. ಗಂಜೀಫಾ ಎನ್ನುವುದು ಪರ್ಶಿಯಾದ ಕಡೆಯಿಂದ ಬಂದ ಆಟ, ಹೆಸರೂ ಅಲ್ಲಿಯದೇ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, ತೊಂಬತ್ತಾರು ಎಲೆ. ಇಲ್ಲಿಯ ಚಿತಾರಿಗಳು ಅದನ್ನು ದಶಾವತಾರದ ಕಟ್ಟು ಮಾಡಿದರು: ಹತ್ತು ಅವತಾರಕ್ಕೆ ಹನ್ನೆರಡರಂತೆ ನೂರಿಪ್ಪತ್ತು ಗುಂಡನೆಯ ಎಲೆಗಳು. ಮತ್ಸ್ಯ, ಕೂರ್ಮ, ವರಾಹ ಎಲ್ಲರೂ ಒಂದು ಪಾರ್ಸಿ ಹೆಸರಿನ ಆಟದೊಳಗೆ ರಾಜ, ಮಂತ್ರಿಗಳಾಗಿ ಕೂತಿದ್ದಾರೆ. ನಶಿಸುತ್ತಿದ್ದ ಕಸುಬನ್ನು ಅಲ್ಲಿಯ ರಾಜಮನೆತನ ಅರಮನೆಯೊಳಗೇ ಜಾಗ ಕೊಟ್ಟು ಉಳಿಸಿತು. ಇಡೀ ದಿನದಲ್ಲಿ ಇದಕ್ಕಿಂತ ದೊಡ್ಡ ಇತಿಹಾಸದ ಪಾಠ ಬೇರೆ ಇರಲಿಲ್ಲ. ಗೈಡ್ ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದ.

ಇಷ್ಟು ಹೇಳಿ ನಮ್ಮವರ ಪ್ರವಾಸಗಳ ಬಗ್ಗೆ ಸುಮ್ಮನಿದ್ದರೆ ಅದು ಇನ್ಸಾಫ್ ಆಗುವುದಿಲ್ಲ. ನಮ್ಮ ಮೊಹಲ್ಲಾಗಳಿಂದಲೂ ಬಸ್ಸು ಹೊರಡುತ್ತವೆ. ಜಿಯಾರತ್ ಮಾಡುತ್ತಾರೆ, ಮೀನು ತಿನ್ನುತ್ತಾರೆ, ನೀರಾಡುತ್ತಾರೆ, ಬರುತ್ತಾರೆ. ಅಲ್ಲಿ ಮೈಕ್ ಹಿಡಿದವನು ಹೇಳುವುದು ಇನ್ನೊಂದು ತರಹದ ‘ನಾವು–ಅವರು’. ನಮ್ಮ ಬಾದಶಾಹಿ, ನಮ್ಮ ಶಾನು, ನಮ್ಮ ಹಡಗು. ಹೊನ್ನಾವರ, ಭಟ್ಕಳದ ಕಡೆ ಹೋದರೆ ಇಬ್ನ್ ಬತೂತಾನ ಹೆಸರು ತಪ್ಪದೆ ಬರುತ್ತದೆ. 14ನೆಯ ಶತಮಾನದಲ್ಲಿ ಅವನು ಹೊನ್ನಾವರಕ್ಕೆ ಬಂದಿದ್ದ, ಅಲ್ಲಿ ಸುಲ್ತಾನ್ ಜಮಾಲುದ್ದೀನ್ ಇದ್ದ, ಅಷ್ಟಕ್ಕೆ ತಕ್ಬೀರು. ಅವನ ಸಫರ್‌ನಾಮಾದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಆ ಸುಲ್ತಾನ ಒಬ್ಬ ಹಿಂದೂ ಅರಸನ ಅಧೀನದಲ್ಲಿದ್ದ. ಮತ್ತು ಆ ಊರಿನಲ್ಲಿ ಹುಡುಗರಿಗೆ ಇಪ್ಪತ್ಮೂರು, ಹುಡುಗಿಯರಿಗೆ ಹದಿಮೂರು ಶಾಲೆಗಳಿದ್ದವು. ಮೊರೊಕ್ಕೊದಿಂದ ಇಲ್ಲಿಯವರೆಗೆ ತಿರುಗಿದವನು ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಬರೆದ. ಸುಮಾರು ಏಳು ಶತಮಾನದ ಹಿಂದೆ ಒಂದು ಬಂದರಿನಲ್ಲಿ ಹದಿಮೂರು ಹೆಣ್ಣುಮಕ್ಕಳ ಶಾಲೆ! ನಮ್ಮ ಬಸ್ಸಿನ ಮೈಕ್‌ಗೆ ಸುಲ್ತಾನನ ಹೆಸರು ನೆನಪಿರುತ್ತದೆ, ಈ ಹದಿಮೂರು ನೆನಪಿರುವುದಿಲ್ಲ. ಏಳನೆಯ ಇಯತ್ತೆಗೆ ಮಗಳ ಶಾಲೆ ಬಿಡಿಸಿದ ಅಪ್ಪ ಅದೇ ಬಸ್ಸಿನಲ್ಲಿ ಕೂತಿರುವಾಗ ನೆನಪಿಸುವುದು ಕಷ್ಟವೂ ಹೌದು.

ಗೈಡ್‌ಗಳು ಇದನ್ನೆಲ್ಲ ಎಲ್ಲಿಂದ ಕಲಿಯಬೇಕು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅವರು ಕಲಿಯುವುದು ಸಿನಿಮಾದಿಂದ, ಮೊಬೈಲಿನ ವಿಡಿಯೋಗಳಿಂದ, ಹಿಂದಿನ ಗೈಡ್‌ನ ಬಾಯಿಂದ. ಘಟ್ಟದ ಮೇಲಿನ ನಮ್ಮ ಐದು ತಾಲ್ಲೂಕುಗಳಿಗೂ ಕೊಂಕಣಕ್ಕೂ ಇದ್ದ ವ್ಯಾಪಾರ, ಯುದ್ಧ, ನೆಂಟಸ್ತಿಕೆಯನ್ನು ಸರಳ ಕನ್ನಡದಲ್ಲಿ ಹೇಳುವ ನಲವತ್ತು ಪುಟದ ಒಂದು ಪುಸ್ತಿಕೆ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ದೊಡ್ಡ ಕೆಲಸವಲ್ಲ. ಮಕ್ಕಳನ್ನು ಕರೆದೊಯ್ಯುವ ಮಾಸ್ತರರು ಹಿಂದಿನ ದಿನ ಅದನ್ನು ಓದಿದರೂ ಸಾಕು. ಒಬ್ಬ ಗೈಡ್‌ಗೆ ನಾವು ದೌಲತ್ ಖಾನನ ಸಂಗತಿ ಹೇಳಿದಾಗ ಅವನು ಮುಖ ತಿರುಗಿಸಲಿಲ್ಲ. “ಹೌದ್ರ್ಯಾ ಸರ್? ಛಲೋ ಪಾಯಿಂಟ್ ಐತಿ, ಬರದ ಕೊಡ್ರಿ” ಎಂದ. ಬರೆದು ಕೊಟ್ಟೆವು. ಹೇಳುತ್ತಾನೋ ಇಲ್ಲವೋ ಅವನ ಮೇಲೆ, ಅದಕ್ಕಿಂತ ಹೆಚ್ಚಾಗಿ ಬಸ್ಸಿನವರು ಯಾವ ಮಾತಿಗೆ ಸೀಟಿ ಹೊಡೆಯುತ್ತಾರೆ ಎಂಬುದರ ಮೇಲೆ ಇದೆ.

ದಾರಿಯನ್ನೂ ಸ್ವಲ್ಪ ಬದಲಿಸಬಹುದು. ಒಂದೇ ದಿನದಲ್ಲಿ ಎರಡು ಕೋಟೆ, ಒಂದು ಅರಮನೆ, ಒಂದು ದಂಡೆ ಎಂದು ಓಡುವ ಬದಲು ರಾಯಬಾಗದ ಪೇಟೆಯಲ್ಲಿ ಬಸ್ಸು ಹತ್ತುವಾಗಲೇ ಕಥೆ ಶುರು ಮಾಡಿ, ಪನ್ಹಾಳವನ್ನು ದೂರದಿಂದ ತೋರಿಸಿ, ಅಣುಸ್ಕುರಾ ಘಾಟ ಇಳಿದು ರಾಜಾಪುರಕ್ಕೆ ಹೋಗಬಹುದು. ಅಲ್ಲಿ ನೋಡಲು ದೊಡ್ಡ ಕೋಟೆಯಿಲ್ಲ. ಖಾಡಿಯಲ್ಲಿ ಹೂಳು ತುಂಬಿ ದೊಡ್ಡ ಹಡಗು ಬರುವ ಕಾಲ ಹೋಯಿತು. ಹಳೆಯ ಪೇಟೆ ಇದೆ, ದೇವಸ್ಥಾನ ಮಸೀದಿಗಳಿವೆ, ಕೊಂಕಣಿ ಮುಸ್ಲಿಮರ ಮನೆಗಳಿವೆ, ನದಿ ಇದೆ. ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲವೆಂದು ಟೂರಿನವರು ಅಲ್ಲಿ ಬಸ್ಸು ನಿಲ್ಲಿಸುವುದಿಲ್ಲ. ಟಿಕೇಟಿನ ಹಣ ಕೊಡುವವರು ನಾವು, ನಿಲ್ಲಿಸಿ ಎಂದು ಹೇಳಬಹುದು.